ಬಿಳಿ ಮುತ್ತಜ್ಜ, ಸತ್ತ ಮಗಳು, ಬಿಟ್ಟುಹೋದ ತಾಯಿ: ಯಾವ ಕಾದಂಬರಿ ಮೊದಲು?

ಹೋದ ಮಳೆಗಾಲದಲ್ಲಿ ಗೆಳತಿಯೊಬ್ಬಳು ಫೋನ್ ಮಾಡಿ ಚೆನ್ನಾಗಿ ಬೈದಳು. "ನೀನು ಹೇಳಿದೆ ಅಂತ ‘ಬಿಲವೆಡ್’ ತರಿಸ್ಕೊಂಡೆ ಮಾರಾಯ್ತಿ. ಮೂವತ್ತು ಪುಟ ಆಯ್ತು. ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಅನ್ನೋದೇ ತಿಳೀತಿಲ್ಲ." ತಪ್ಪು ನನ್ನದೇ. ಎಲ್ಲಕ್ಕಿಂತ ಒಳ್ಳೆಯ ಪುಸ್ತಕ ಯಾವುದು ಅಂತ ಅವಳು ಕೇಳಿರಲಿಲ್ಲ. ಕಪ್ಪು ಲೇಖಕರ ಕಾದಂಬರಿಗಳನ್ನು ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದಳು. ಅವಳಿಗೆ ಆಗ ಸರಿಯಾಗಿ ಕೊಡಬೇಕಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಕಪ್ಪು ಲೇಖಕರು, ಅದರಲ್ಲೂ ಅಮೆರಿಕದವರು, ಬರೆದ ಒಂದು ಬಗೆಯ ಕಾದಂಬರಿಗಳಿವೆ. ಎಲ್ಲವೂ ನಮ್ಮ ನಿಮ್ಮ ಲೋಕದ ಹಾಗೇ ನಡೆಯುತ್ತಿರುತ್ತದೆ, ನಡುವೆ ಒಂದು ಆಗಬಾರದ್ದು ಆಗುತ್ತದೆ. ಒಬ್ಬಳು ನೂರೈವತ್ತು ವರ್ಷ ಹಿಂದಕ್ಕೆ ಬೀಳುತ್ತಾಳೆ. ಸತ್ತ ಮಗು ಮನೆಗೆ ಬರುತ್ತದೆ. ನೆಲದಡಿ ರೈಲು ಓಡುತ್ತದೆ. ಕೆಲವನ್ನು ಸೈನ್ಸ್ ಫಿಕ್ಷನ್ ಅಂತಾರೆ, ಕೆಲವನ್ನು ಫ್ಯಾಂಟಸಿ, ಕೆಲವನ್ನು ದೆವ್ವದ ಕಥೆ. (ಹಳೆಯ ಕನ್ನಡ ಪುಸ್ತಕಗಳ ‘ನೀಗ್ರೋ’ ಪದವನ್ನು ನಾನು ಬಳಸುವುದಿಲ್ಲ. ‘ಕಪ್ಪು ಜನ’ ಸಾಕು.) ಪ್ರಶಸ್ತಿ ನೋಡಿ ಆರಿಸೋಣ ಅಂದರೆ ಹಲವಕ್ಕೆ ಬಂದಿದೆ. ಅದಕ್ಕೇ ನಾನು ಬೇರೆ ಅಳತೆ ಇಟ್ಟುಕೊಂಡಿದ್ದೇನೆ. ಈ ಪುಸ್ತಕ ಯಾವ ನೆಂಟರನ್ನು ಹುಡುಕಿಕೊಂಡು ಹೊರಟಿದೆ? ನಿಮಗೆ ಅವರ ಬಗ್ಗೆ ಕುತೂಹಲ ಇದೆಯಾ? ಇದ್ದರೆ ಅದನ್ನೇ ತೆಗೆದುಕೊಳ್ಳಿ.

ನೆಂಟರು ಯಾಕೆ ಅಂತ ಕೇಳಬಹುದು. 1662ರಲ್ಲಿ ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರೇ ಆಗಿರಲಿ. ಅಂದರೆ ದಣಿಯೇ ತಂದೆಯಾದರೂ ಮಗು ದಣಿಯ ಆಸ್ತಿ. ಗುಲಾಮರ ಮದುವೆಗೆ ಕಾನೂನಿನ ಬೆಲೆ ಇರಲಿಲ್ಲ, ಮಕ್ಕಳನ್ನು ಮಾರಿದರೆ ಕೇಳುವವರಿರಲಿಲ್ಲ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಇಷ್ಟೇ. ಹೆಸರಿಲ್ಲ. ಅವರೆಲ್ಲ ಹೆಸರು ಹಿಡಿದು ಲೆಕ್ಕಕ್ಕೆ ಬಂದದ್ದು 1870ರಲ್ಲಿ. ಇವತ್ತು ವಂಶ ಹುಡುಕುವ ಕಪ್ಪು ಅಮೆರಿಕನ್ನರು ಅಲ್ಲಿಗೆ ಬಂದು ಗೋಡೆಗೆ ಹಣೆ ಹೊಡೆದ ಹಾಗೆ ನಿಲ್ಲುತ್ತಾರೆ. ಇತಿಹಾಸಕಾರರಿಗೂ ಅಲ್ಲಿಂದ ಆಚೆ ದಾರಿ ಕಷ್ಟ. ಕಾದಂಬರಿ ಬರೆಯುವವರು ಮಾತ್ರ ಒಂದು ದೆವ್ವವನ್ನೋ ರೈಲನ್ನೋ ಕರೆದುಕೊಂಡು ಗೋಡೆ ದಾಟುತ್ತಾರೆ.

ಶುರುವಿಗೆ ನನ್ನ ಆಯ್ಕೆ ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’. ಬಂದದ್ದು 1979ರಲ್ಲಿ. ಇದು ಹುಡುಕುವುದು ಮುತ್ತಜ್ಜನನ್ನು, ಅಷ್ಟೇ ಅಲ್ಲ, ಹುಡುಕಿದ್ದೇ ತಪ್ಪಾಯಿತು ಅನ್ನಿಸುವಂಥ ಮುತ್ತಜ್ಜನನ್ನು.

1976ರ ಜೂನ್ 9. ಲಾಸ್ ಏಂಜಲೀಸ್ ಹತ್ತಿರ ಡೇನಾ ಮತ್ತು ಅವಳ ಗಂಡ ಕೆವಿನ್ ಹೊಸ ಮನೆಗೆ ಬಂದಿದ್ದಾರೆ. ಅವತ್ತು ಅವಳ 26ನೇ ಹುಟ್ಟುಹಬ್ಬ. ಪುಸ್ತಕಗಳನ್ನು ಕಪಾಟಿಗೆ ಜೋಡಿಸುತ್ತಿದ್ದಾಳೆ. ತಲೆ ಸುತ್ತುತ್ತದೆ. ಕಣ್ಣು ಬಿಟ್ಟರೆ ನದಿಯ ದಡ, ನೀರಲ್ಲಿ ಮುಳುಗುತ್ತಿರುವ ಕೆಂಗೂದಲಿನ ಬಿಳಿ ಹುಡುಗ. ಎಳೆದು ತಂದು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುತ್ತಾಳೆ. ಮಗುವಿನ ತಾಯಿ ಇವಳಿಗೇ ಹೊಡೆಯುತ್ತಾಳೆ, ಮುಖದ ಮುಂದೆ ಬಂದೂಕಿನ ನಳಿಗೆ ಬರುತ್ತದೆ. ಅಷ್ಟರಲ್ಲಿ ಮತ್ತೆ ಮನೆ. ಮೈಯೆಲ್ಲ ಒದ್ದೆ, ಕೆಸರು. ಕೆವಿನ್ ಕಣ್ಣಿಗೆ ಅವಳು ಮಾಯವಾಗಿದ್ದದ್ದು ಕೆಲವೇ ಸೆಕೆಂಡು.

ಆ ಹುಡುಗ ರೂಫಸ್ ವೇಲಿನ್, ಮೇರಿಲ್ಯಾಂಡಿನ ಗುಲಾಮರ ಒಡೆಯನ ಮಗ. ಅವನ ಜೀವಕ್ಕೆ ಕುತ್ತು ಬಂದಾಗಲೆಲ್ಲ ಡೇನಾ ಹಿಂದಕ್ಕೆ ಹೋಗುತ್ತಾಳೆ. ತನ್ನ ಜೀವಕ್ಕೆ ಬಂತು ಅನ್ನಿಸಿದಾಗ ವಾಪಸ್ಸಾಗುತ್ತಾಳೆ. ಯಂತ್ರ ಇಲ್ಲ, ಮಂತ್ರ ಇಲ್ಲ, ಯಾಕೆ ಹೇಗೆ ಅಂತ ಕೊನೆವರೆಗೂ ಬಟ್ಲರ್ ಹೇಳುವುದಿಲ್ಲ. ಡೇನಾಳ ಮನೆತನದ ಹಳೆಯ ಬೈಬಲ್ ಒಂದರಲ್ಲಿ ಮೊದಲ ಹೆಸರು ಹೇಗರ್, ಹುಟ್ಟಿದ್ದು 1831. ತಂದೆ ರೂಫಸ್ ವೇಲಿನ್, ತಾಯಿ ಆಲಿಸ್. ಆ ರೂಫಸ್ ಬಿಳಿಯ ಅಂತ ಮನೆಯಲ್ಲಿ ಯಾರೂ ಯಾವತ್ತೂ ಹೇಳಿರಲಿಲ್ಲ. ಈಗ ಲೆಕ್ಕ ಹಾಕಿ. ಹೇಗರ್ ಹುಟ್ಟದಿದ್ದರೆ ಡೇನಾ ಇಲ್ಲ. ಹೇಗರ್ ಹುಟ್ಟಬೇಕಾದರೆ, ಒಲ್ಲದ ಆಲಿಸ್ ರೂಫಸ್‌ನ ಪಾಲಾಗಬೇಕು. ತನ್ನ ಹುಟ್ಟಿಗಾಗಿ ಇನ್ನೊಬ್ಬ ಹೆಣ್ಣಿನ ಮೇಲೆ ಆಗುವ ಬಲಾತ್ಕಾರಕ್ಕೆ ದಾರಿ ಬಿಡಬೇಕಾದ ಪರಿಸ್ಥಿತಿ. ನಾನು ಓದಿದ ಯಾವ ಟೈಂ ಟ್ರಾವೆಲ್ ಕಥೆಯೂ ಓದುಗರನ್ನು ಇಷ್ಟು ಇಕ್ಕಟ್ಟಿಗೆ ಸಿಕ್ಕಿಸಿಲ್ಲ.

ಇನ್ನೊಂದು ಎಳೆ ಇದೆ, ಅದರ ಬಗ್ಗೆ ಜನ ಮಾತಾಡೋದು ಕಡಿಮೆ. ಕೆವಿನ್ ಬಿಳಿಯ. ಮದುವೆಗೆ ಎರಡೂ ಕಡೆ ವಿರೋಧ. ಡೇನಾಳ ಚಿಕ್ಕಪ್ಪ ತನ್ನ ಬಾಡಿಗೆ ಮನೆಗಳನ್ನು ಬಿಳಿಯರ ಕೈಗೆ ಹೋಗಗೊಡುವುದಿಲ್ಲ, ಚರ್ಚಿಗೆ ಬರೆಯುತ್ತೇನೆ ಅನ್ನುತ್ತಾನೆ. ಚಿಕ್ಕಮ್ಮನಿಗೆ ಪರವಾಗಿಲ್ಲ, ಯಾಕೆಂದರೆ ಮಕ್ಕಳ ಬಣ್ಣ ತಿಳಿಯಾಗುತ್ತದೆ! ಇದನ್ನು ಓದುವಾಗ ನನ್ನ ಸ್ವಂತ ನೆಂಟರ ದನಿಯೇ ಕಿವಿಗೆ ಬಿದ್ದ ಹಾಗಾಯಿತು. ಒಂದು ಸಲ ಕೆವಿನ್ ಕೂಡ ಅವಳ ಜೊತೆ ಹಿಂದಕ್ಕೆ ಹೋಗುತ್ತಾನೆ. ಅಲ್ಲಿ ಅವನು ಅವಳ ಗಂಡ ಅಂತ ಹೇಳುವ ಹಾಗಿಲ್ಲ, ಒಡೆಯನ ಹಾಗೆ ನಟಿಸಬೇಕು. ಆ ಕಾಲದಲ್ಲಿ ಬದುಕುವುದು ಒಂಥರಾ ಚೆನ್ನಾಗಿರುತ್ತಿತ್ತು ಅನ್ನುವ ಮಾತು ಅವನ ಬಾಯಿಂದ ಸುಮ್ನೆ ಹೊರಬೀಳುತ್ತದೆ. ಒಳ್ಳೆಯವನೇ, ಪಾಪ. ಅದೇ ತೊಂದರೆ.

ಭಾಷೆ ಸಲೀಸು. ಕನ್ನಡ ಮೀಡಿಯಂನಲ್ಲಿ ಓದಿ, ಇಂಗ್ಲಿಷ್ ಕಾದಂಬರಿ ಅಂದರೆ ಸ್ವಲ್ಪ ಅಳುಕುವವರೂ ಧೈರ್ಯವಾಗಿ ತೆಗೆದುಕೊಳ್ಳಬಹುದು. ನಾನು ಒಂದು ರಾತ್ರಿಯ ಬಸ್ಸಿನಲ್ಲಿ ಮೊಬೈಲ್ ಟಾರ್ಚ್ ಹಿಡಿದು ಅರ್ಧಕ್ಕಿಂತ ಜಾಸ್ತಿ ಮುಗಿಸಿದ್ದೆ, ಪಕ್ಕದ ಸೀಟಿನವರು ಗೊಣಗುತ್ತಲೇ ಇದ್ದರು.

ಈಗ ‘ಬಿಲವೆಡ್’. ಟೋನಿ ಮಾರಿಸನ್ ಅವರದು, 1987. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಇಲ್ಲಿ ಬರುವ ನೆಂಟಳು ಸತ್ತ ಮಗಳು. ಕಥೆಯ ಬೇರು ನಿಜದ ಘಟನೆಯಲ್ಲಿದೆ. 1856ರಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಹೆಂಗಸು ಕೆಂಟಕಿಯಿಂದ ಹೆಪ್ಪುಗಟ್ಟಿದ ಒಹಾಯೊ ನದಿ ದಾಟಿ ಸಿನ್ಸಿನಾಟಿಗೆ ಓಡಿಬಂದಳು. ಹಿಡಿಯುವವರು ಮನೆ ಸುತ್ತುವರಿದಾಗ, ಮತ್ತೆ ಗುಲಾಮಗಿರಿಗೆ ಕೊಡಲಾರೆ ಅಂತ ತನ್ನ ಪುಟ್ಟ ಮಗಳನ್ನು ತಾನೇ ಕೊಂದಳು. ಕಾದಂಬರಿಯ ಸೆಥೆಯೂ ಹಾಗೇ ಮಾಡಿದವಳು. 1873ರಲ್ಲಿ ಕಥೆ ತೆರೆದುಕೊಳ್ಳುವಾಗ ಮನೆಯಲ್ಲಿ ಮಗುವಿನ ಕಾಟ ಶುರುವಾಗಿ ವರ್ಷಗಳಾಗಿವೆ. ಕನ್ನಡಿ ಒಡೆಯುತ್ತದೆ, ಕೇಕಿನ ಮೇಲೆ ಪುಟ್ಟ ಕೈಗಳ ಗುರುತು ಮೂಡುತ್ತದೆ. ಆಮೇಲೊಂದು ದಿನ ನೀರಿನಿಂದ ಎದ್ದು ಬಂದ ಯುವತಿಯೊಬ್ಬಳು ಮನೆ ಹತ್ತಿರದ ಮರದ ಬೊಡ್ಡೆಯ ಮೇಲೆ ಕೂತಿರುತ್ತಾಳೆ. ಹೆಸರು ಕೇಳಿದರೆ ಬಿಲವೆಡ್ ಅನ್ನುತ್ತಾಳೆ. ಮಗುವಿನ ಗೋರಿಕಲ್ಲಿನ ಮೇಲೆ ಕೆತ್ತಿಸಿದ್ದು ಅದೊಂದೇ ಪದ. ಅದನ್ನು ಕೆತ್ತಿಸಲು ಸೆಥೆ ಕಲ್ಲುಕೆತ್ತುವವನಿಗೆ ಕೊಟ್ಟದ್ದು ದುಡ್ಡಲ್ಲ, ಮೈ. ಹತ್ತು ನಿಮಿಷ. ಇನ್ನೂ ಹತ್ತು ನಿಮಿಷ ಕೊಟ್ಟಿದ್ದರೆ ಇನ್ನೊಂದು ಪದವೂ ಸಿಗುತ್ತಿತ್ತೇನೋ ಅಂತ ಅವಳು ಯೋಚಿಸುತ್ತಾಳೆ. ಇದು ಪುಸ್ತಕದ ಮೊದಲ ಕೆಲವೇ ಪುಟಗಳಲ್ಲಿ ಬರುತ್ತದೆ, ನೋಡಿ. ಮಾರಿಸನ್ ಓದುಗರಿಗೆ ಕಾಲೂರಲು ಸಮಯವನ್ನೇ ಕೊಡುವುದಿಲ್ಲ.

ಎರಡರ ವ್ಯತ್ಯಾಸ ಇಲ್ಲಿದೆ. ಬಟ್ಲರ್ ನಮ್ಮ ಕಾಲದ ಒಬ್ಬಳನ್ನು ಹಿಂದಕ್ಕೆ ಕಳಿಸುತ್ತಾರೆ, ನಾವು ಅವಳ ಕೈ ಹಿಡಿದುಕೊಂಡು ಹೋಗುತ್ತೇವೆ. ಅವಳಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ಮಾರಿಸನ್ ಹಿಂದಿನ ಕಾಲವನ್ನೇ ಮನೆಯೊಳಕ್ಕೆ ತಂದು ಕೂರಿಸುತ್ತಾರೆ, ಕೈ ಹಿಡಿಯುವವರು ಯಾರೂ ಇಲ್ಲ. ನಡೆದದ್ದು ಒಂದೇ ಸಲ ಪೂರ್ತಿ ಬರುವುದಿಲ್ಲ. ಸುತ್ತಿ ಸುತ್ತಿ, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ. ನೋವು ಹಾಗೇ ತಾನೇ ಬಾಯಿಗೆ ಬರುವುದು? ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ ಜೋತಮ್ಮಗಳು, ಅಂದರೆ ದೀಪಗಳ ಜೀವಗಳು, ಸೇರಿ ಮಾತಾಡುವುದನ್ನು ಓದಿ ಒಗ್ಗಿಸಿಕೊಂಡವರಿಗೆ ‘ಬಿಲವೆಡ್’ ಅಷ್ಟು ಕಷ್ಟವಾಗದು. ಉಳಿದವರು ‘ಕಿಂಡ್ರೆಡ್’ ಮುಗಿಸಿ ಬನ್ನಿ. ಎರಡರಲ್ಲಿ ದೊಡ್ಡದು ಯಾವುದು ಅಂತ ಒತ್ತಾಯ ಮಾಡಿದರೆ ‘ಬಿಲವೆಡ್’ ಅನ್ನುತ್ತೇನೆ. ಆದರೂ ಯಾರಿಗಾದರೂ ಕೊಡಲು ನನ್ನ ಕೈ ಹೋಗುವುದು ‘ಕಿಂಡ್ರೆಡ್’ ಕಡೆಗೇ.

ಬಿಟ್ಟುಹೋದ ತಾಯಿಯನ್ನು ಹುಡುಕುವ ಕಥೆ ಬೇಕಾದರೆ ಎರಡಿವೆ. ಕಾಲ್ಸನ್ ವೈಟ್‌ಹೆಡ್ ಅವರ ‘ದಿ ಅಂಡರ್‌ಗ್ರೌಂಡ್ ರೈಲ್‌ರೋಡ್’ (2016), ಟಾ-ನೆಹಿಸಿ ಕೋಟ್ಸ್ ಅವರ ‘ದಿ ವಾಟರ್ ಡ್ಯಾನ್ಸರ್’ (2019).

ಇತಿಹಾಸದಲ್ಲಿ ಅಂಡರ್‌ಗ್ರೌಂಡ್ ರೈಲ್‌ರೋಡ್ ಅಂದರೆ ರೈಲೇ ಅಲ್ಲ. ಓಡಿಹೋಗುವ ಗುಲಾಮರನ್ನು ಮನೆಯಿಂದ ಮನೆಗೆ ಗುಟ್ಟಾಗಿ ದಾಟಿಸುತ್ತಿದ್ದ ಜನರ ಜಾಲಕ್ಕೆ ಆ ಹೆಸರು. ವೈಟ್‌ಹೆಡ್ ಅದನ್ನು ನಿಜವಾದ ಹಳಿ, ಎಂಜಿನ್, ನಿಲ್ದಾಣ ಮಾಡಿಬಿಟ್ಟರು. ಕೋರಾ ಜಾರ್ಜಿಯಾದ ತೋಟದಿಂದ ಓಡುತ್ತಾಳೆ. ಅವಳು ಚಿಕ್ಕವಳಿದ್ದಾಗ ತಾಯಿ ಮೇಬಲ್ ಇವಳನ್ನು ಬಿಟ್ಟು ಓಡಿಹೋಗಿದ್ದಳು. ಕೋರಾಗೆ ಉಳಿದ ಆಸ್ತಿ ಅಂದರೆ ಅಜ್ಜಿಯ ಕಾಲದಿಂದ ಬಂದ ಒಂದು ಪುಟ್ಟ ತರಕಾರಿ ಪಾತಿ. ಒಬ್ಬ ದಾಂಡಿಗ ಬಂದು ಅದರ ಮೇಲೆ ತನ್ನ ನಾಯಿಗೆ ಗೂಡು ಕಟ್ಟುತ್ತಾನೆ. ಅವಳು ಕೈಗೊಡಲಿ ತೆಗೆದುಕೊಂಡು ಗೂಡನ್ನು ಚಿಂದಿ ಮಾಡುತ್ತಾಳೆ. ಮುಂದಿನ ಓಟವೆಲ್ಲ ಆ ಕೊಡಲಿ ಏಟಿನಲ್ಲೇ ಇತ್ತು ಅಂತ ನನಗೆ ಅನ್ನಿಸುತ್ತದೆ. ರೈಲು ಇಳಿದಲ್ಲೆಲ್ಲ ಒಂದೊಂದು ಬೇರೆ ಅಮೆರಿಕ. ದಕ್ಷಿಣ ಕೆರೊಲಿನಾದಲ್ಲಿ ಶಾಲೆ, ಆಸ್ಪತ್ರೆ, ನಯವಾದ ಮಾತು. ಆದರೆ ಆ ಆಸ್ಪತ್ರೆಯಲ್ಲಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಲು ಒತ್ತಾಯ. ಮ್ಯೂಸಿಯಮ್ಮಿನಲ್ಲಿ ಕೋರಾಗೆ ಗಾಜಿನ ಹಿಂದೆ ಗುಲಾಮಳಾಗಿ ನಟಿಸುವ ಕೆಲಸ. ಪಕ್ಕದ ಉತ್ತರ ಕೆರೊಲಿನಾದಲ್ಲಂತೂ ಕಪ್ಪು ಜನ ಇರುವುದೇ ಅಪರಾಧ. ತಾಯಿಗೆ ಏನಾಯಿತು ಅನ್ನುವುದು ಕೊನೆಯ ಹತ್ತಿರ ಒಂದು ಚಿಕ್ಕ ಅಧ್ಯಾಯದಲ್ಲಿ ಬರುತ್ತದೆ. ಅದನ್ನು ಮೊದಲೇ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ, ದಮ್ಮಯ್ಯ.

ಕೋಟ್ಸ್ ಅವರ ಹೈರಮ್‌ಗೆ ಕಂಡದ್ದೆಲ್ಲ ನೆನಪಿರುತ್ತದೆ, ಮಾರಾಟವಾಗಿ ಹೋದ ತಾಯಿಯ ಮುಖ ಮಾತ್ರ ಇಲ್ಲ. ತಂದೆ ಬಿಳಿ ದಣಿ. ಅದೇ ದಣಿಯ ಇನ್ನೊಬ್ಬ ಮಗನ ಸೇವೆ ಇವನ ಕೆಲಸ. 1662ರ ಕಾನೂನು ಒಂದು ಮನೆಯೊಳಗೆ ಹೇಗಿರುತ್ತಿತ್ತು ಅನ್ನುವುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಅವನಿಗೊಂದು ಶಕ್ತಿ ಇದೆ. ನೀರಿನ ಮುಂದೆ ನೆನಪು ಗಟ್ಟಿಯಾದಾಗ ಒಂದು ಊರಿಂದ ಇನ್ನೊಂದು ಊರಿಗೆ ಜನರನ್ನು ದಾಟಿಸಬಲ್ಲ. ಐಡಿಯಾ ಸೊಗಸಾಗಿದೆ. ಆದರೆ ನಡುವಿನಲ್ಲಿ ಕಥೆ ಎಳೆಯುತ್ತದೆ, ಪಾತ್ರಗಳು ಭಾಷಣಕ್ಕೆ ಇಳಿಯುತ್ತವೆ. ಎರಡರಲ್ಲಿ ಒಂದೇ ಓದುವುದಾದರೆ ವೈಟ್‌ಹೆಡ್.

ಇಷ್ಟೆಲ್ಲ ಭಾರ ಬೇಡ, ನಗು ಬೇಕು ಅನ್ನುವವರಿಗೆ ಜಾರ್ಜ್ ಸ್ಕೈಲರ್ ಅವರ ‘ಬ್ಲ್ಯಾಕ್ ನೋ ಮೋರ್’. ಬಂದದ್ದು 1931ರಲ್ಲಿ, ಆದರೂ ನಿನ್ನೆ ಬರೆದ ಹಾಗಿದೆ. ಹೊಸ ವರ್ಷದ ಹಿಂದಿನ ರಾತ್ರಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಕ್ಲಬ್ಬಿನಲ್ಲಿ ಮ್ಯಾಕ್ಸ್ ಡಿಷರ್ ಒಬ್ಬ ಬಿಳಿ ಹುಡುಗಿಯನ್ನು ಡ್ಯಾನ್ಸಿಗೆ ಕರೆಯುತ್ತಾನೆ, ಅವಳು ಬಣ್ಣ ಹಿಡಿದು ಬೈದು ಅಟ್ಟುತ್ತಾಳೆ. ಅಷ್ಟರಲ್ಲಿ ಡಾಕ್ಟರ್ ಒಬ್ಬ ಕಪ್ಪು ಜನರನ್ನು ಮೂರು ದಿನದಲ್ಲಿ ಬೆಳ್ಳಗೆ ಮಾಡುವ ಯಂತ್ರ ತಂದಿದ್ದಾನೆ. ಫೀಸು 50 ಡಾಲರ್. ಕ್ಯೂ ಹೇಗಿರುತ್ತದೆ ಊಹಿಸಿಕೊಳ್ಳಿ! ಕೂದಲು ನೇರ ಮಾಡುವ ಅಂಗಡಿಗಳು ಮುಚ್ಚುತ್ತವೆ. ಕಪ್ಪು ಜನರ ಮುಖಂಡರಿಗೆ ಚಂದಾ ಬರುವುದಿಲ್ಲ. ಬಿಳಿಯಾದ ಮ್ಯಾಕ್ಸ್ ಜನಾಂಗದ್ವೇಷಿಗಳ ಸಂಘವನ್ನೇ ಸೇರಿ ದೊಡ್ಡ ಮನುಷ್ಯನಾಗುತ್ತಾನೆ, ಅದೇ ಹುಡುಗಿಯನ್ನು ಮದುವೆಯಾಗುತ್ತಾನೆ. ತಮಾಷೆ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಯಂತ್ರ ಚರ್ಮವನ್ನು ಬದಲಿಸುತ್ತದೆ, ರಕ್ತವನ್ನಲ್ಲ. ಹುಟ್ಟುವ ಮಗು ಯಾವ ಬಣ್ಣ? ವಧು ಬೇಕಾಗಿದ್ದಾಳೆ ಜಾಹೀರಾತಿನಲ್ಲಿ ‘ಬೆಳ್ಳಗಿರುವ’ ಅಂತ ಬರೆಸುವ ನಮ್ಮವರೆಲ್ಲ ಓದಬೇಕಾದ ಪುಸ್ತಕ. ಕೊನೆಯ ಹತ್ತಿರ ನಗು ಗಂಟಲಲ್ಲೇ ನಿಲ್ಲಿಸುವ ಒಂದು ದೃಶ್ಯ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಆ ಕಾಲದ ನಿಜ ನಾಯಕರನ್ನು ಬೇರೆ ಹೆಸರಲ್ಲಿ ಗೇಲಿ ಮಾಡುವ ಭಾಗಗಳು ಅರ್ಥವಾಗದಿದ್ದರೆ ದಾಟಿಕೊಂಡು ಹೋಗಿ, ನಷ್ಟವೇನಿಲ್ಲ.

ಮಕ್ಕಳ ವಿಷಯ ಬಂದಾಗ ಎನ್.ಕೆ. ಜೆಮಿಸಿನ್ ಅವರ ‘ದಿ ಫಿಫ್ತ್ ಸೀಸನ್’ ಬಿಡುವ ಹಾಗಿಲ್ಲ. ಇದು ಪೂರ್ತಿ ಬೇರೆ ಲೋಕ. ಅಮೆರಿಕ ಇಲ್ಲ, ಹತ್ತಿಯ ತೋಟ ಇಲ್ಲ. ಭೂಕಂಪವನ್ನು ತಡೆಯಬಲ್ಲ, ಎಬ್ಬಿಸಲೂ ಬಲ್ಲ ಕೆಲವರು ಅಲ್ಲಿದ್ದಾರೆ. ಜನರಿಗೆ ಅವರು ಬೇಕು, ಆದರೆ ಅವರನ್ನು ಕಂಡರೆ ಆಗದು. ಅವರಿಗೆ ಒಂದು ಬೈಗುಳದ ಹೆಸರೂ ಇದೆ. ತಂದೆಯೊಬ್ಬ ತನ್ನ ಪುಟ್ಟ ಮಗ ಅಂಥವನು ಅಂತ ಗೊತ್ತಾಗಿ ಹೊಡೆದು ಕೊಲ್ಲುತ್ತಾನೆ, ಮಗಳನ್ನು ಕರೆದುಕೊಂಡು ಹೋಗುತ್ತಾನೆ. ತಾಯಿ ಎಸ್ಸುನ್ ಅವರ ಬೆನ್ನು ಹತ್ತುತ್ತಾಳೆ. ಇನ್ನೊಂದು ಕಡೆ, ಕಾವಲುಗಾರನೊಬ್ಬ ಪುಟ್ಟ ಹುಡುಗಿಯನ್ನು ಕುದುರೆ ಮೇಲೆ ಕೂರಿಸಿಕೊಂಡು, ನಿನ್ನನ್ನು ಪ್ರೀತಿಸುತ್ತೇನೆ ಅಂತ ಹೇಳುತ್ತಲೇ ಅವಳ ಕೈ ಮೂಳೆ ಮುರಿಯುತ್ತಾನೆ. ಆ ಪುಟ ಆದಮೇಲೆ ನಾನು ಪುಸ್ತಕ ಕೆಳಗಿಟ್ಟು ಹೋಗಿ ಕಾಫಿ ಮಾಡಿಕೊಂಡು ಬಂದೆ. ಮೂರು ಸಂಪುಟ, ಮೂರಕ್ಕೂ 2016ರಿಂದ 2018ರವರೆಗೆ ಸಾಲಾಗಿ, ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿ. ಅದಕ್ಕೆ ಮುಂಚೆ ಯಾರಿಗೂ ಹಾಗೆ ಸಾಲಾಗಿ ಸಿಕ್ಕಿರಲಿಲ್ಲ. ಫ್ಯಾಂಟಸಿ ಓದುವ ಅಭ್ಯಾಸ ಇದ್ದರೆ ಇಲ್ಲಿಂದಲೇ ಶುರು ಮಾಡಬಹುದು. ಇಲ್ಲದಿದ್ದರೆ ಮೊದಲ ನೂರು ಪುಟ ಹೊಸ ಪದಗಳ ಕಾಟ. ಹಿಂದೆ ಪದಕೋಶ ಕೊಟ್ಟಿದ್ದಾರೆ, ಅಲ್ಲೊಂದು ಬೆರಳು ಇಟ್ಟುಕೊಂಡಿರಿ.

ಎರಡು ಚಿಕ್ಕ ಪುಸ್ತಕಗಳು, ಒಂದು ಭಾನುವಾರಕ್ಕೆ ಒಂದರಂತೆ. ನೆಡಿ ಒಕೊರಾಫೊರ್ ಅವರ ‘ಬಿಂಟಿ’ (2015) ನೂರು ಪುಟದ ಆಸುಪಾಸು. ನಮೀಬಿಯಾದ ಹಿಂಬಾ ಜನರ ಹುಡುಗಿ, ಲೆಕ್ಕದಲ್ಲಿ ಜಾಣೆ. ಬೇರೆ ಗ್ರಹದ ಯೂನಿವರ್ಸಿಟಿಯಲ್ಲಿ ಸೀಟು ಸಿಗುತ್ತದೆ. ಮನೆಯವರು ಒಪ್ಪುವುದಿಲ್ಲ ಅಂತ ರಾತ್ರಿ ಹೇಳದೆ ಹೊರಡುತ್ತಾಳೆ. ಮೈಗೂ ಜಡೆಗೂ ಅವರು ಹಚ್ಚುವ ಕೆಮ್ಮಣ್ಣಿನ ಲೇಪವನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಾಳೆ. ಉಪ್ಪಿನಕಾಯಿ ಡಬ್ಬಿಗೆ ಮೂರು ಸುತ್ತು ಟೇಪು ಸುತ್ತಿ ಮಗಳನ್ನು ವಿಮಾನ ಹತ್ತಿಸಿದವರಿಗೆ ಆ ಡಬ್ಬಿಯ ಬೆಲೆ ಗೊತ್ತು, ಅಲ್ವಾ? ಮುಂದೆ ಕಥೆಯಲ್ಲಿ ಅದೇ ಮಣ್ಣು ಬೇರೆಯೇ ಕೆಲಸಕ್ಕೆ ಬರುತ್ತದೆ. ಒಕೊರಾಫೊರ್ ತನ್ನ ಬರಹವನ್ನು ಆಫ್ರಿಕನ್‌ಫ್ಯೂಚರಿಸಂ ಅಂತ ಕರೆಯುತ್ತಾರೆ. ಅಂದರೆ ಆಫ್ರಿಕಾದ ನೆಲದಲ್ಲೇ ಬೇರಿರುವ ಕಥೆ. ಗುಲಾಮಗಿರಿಯ ಗಾಯದ ಕಥೆಯನ್ನು ಇದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೈಸ್ಕೂಲಿನ ಮಕ್ಕಳಿಗೆ ಈ ಪಟ್ಟಿಯಲ್ಲಿ ಧೈರ್ಯವಾಗಿ ಕೊಡಬಹುದಾದದ್ದು ಇದೊಂದೇ. ಬೇರೆ ಹೆಚ್ಚಿನವುಗಳಲ್ಲಿ ಲೈಂಗಿಕ ಹಿಂಸೆ ಇದೆ.

ರಿವರ್ಸ್ ಸಾಲೊಮನ್ ಅವರ ‘ದಿ ಡೀಪ್’ (2019) ಇನ್ನೊಂದು. ಅಟ್ಲಾಂಟಿಕ್ ದಾಟುವ ಹಡಗುಗಳಿಂದ ಬಸುರಿಯರನ್ನು ಸಮುದ್ರಕ್ಕೆ ಎಸೆಯುತ್ತಿದ್ದರಲ್ಲ, ಅವರ ಮಕ್ಕಳು ನೀರಲ್ಲೇ ಹುಟ್ಟಿ ಬದುಕಿದ್ದರೆ? ಆ ಸಂತತಿ ನೋವನ್ನು ತಡೆಯಲಾರದೆ ನೆನಪನ್ನೆಲ್ಲ ಯೇಟು ಎಂಬ ಒಬ್ಬಳ ಮೇಲೆ ಹೊರಿಸಿದೆ. ಎಲ್ಲರೂ ಹಾಯಾಗಿದ್ದಾರೆ, ಅವಳೊಬ್ಬಳು ಸವೆಯುತ್ತಿದ್ದಾಳೆ. ‘ಬಿಲವೆಡ್’ ಓದಿ ಇಷ್ಟವಾದವರಿಗೆ ಇದು ತಂಗಿಯಂಥ ಪುಸ್ತಕ. ಓದುವಾಗ ನನಗೆ ನಮ್ಮ ಸಿದ್ದಿಗಳು ನೆನಪಾದರು. ಆಫ್ರಿಕಾದಿಂದ ಹಡಗಿನಲ್ಲಿ ಬಂದು, ಎಷ್ಟೋ ಜನ ಗೋವಾದ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಕಾಡು ಸೇರಿ, ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸುತ್ತ ನೆಲೆಸಿರುವವರು. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಕಡಲ ದಾರಿಯ ಮೇಲೆ ಇಂಥದೊಂದು ಕಾದಂಬರಿ ಸಿದ್ದಿ ಹುಡುಗಿಯೊಬ್ಬಳ ಕೈಯಿಂದ ಬಂದರೆ ಮೊದಲ ಪ್ರತಿ ನನಗೆ ಇರಲಿ.

ದೆವ್ವದ ಕಥೆ ಪ್ರಿಯರಿಗೆ ಟ್ಯಾನನರೀವ್ ಡ್ಯೂ ಅವರ ‘ದಿ ರಿಫಾರ್ಮೆಟರಿ’ (2023). ಫ್ಲಾರಿಡಾದ ಡೋಜಿಯರ್ ಎಂಬ ಹುಡುಗರ ಸುಧಾರಣಾ ಶಾಲೆ 2011ರಲ್ಲಿ ಮುಚ್ಚಿತು. ಆಮೇಲೆ ಅಗೆದಾಗ 55 ಗೋರಿಗಳು ಸಿಕ್ಕವು. ಲೇಖಕಿಯ ಅಜ್ಜಿಯ ಕಾಲದ ನೆಂಟ, ರಾಬರ್ಟ್ ಸ್ಟೀಫನ್ಸ್ ಎಂಬ ಹುಡುಗ, 1937ರಲ್ಲಿ ಅಲ್ಲೇ ಸತ್ತವನು. ಕಾದಂಬರಿಯಲ್ಲಿ ಅವರು ಅದೇ ಹೆಸರಿನ ಹುಡುಗನನ್ನು 1950ರ ಅಂಥದೇ ಶಾಲೆಗೆ ಕಳಿಸುತ್ತಾರೆ. ಅವನಿಗೆ ಸತ್ತ ಹುಡುಗರು ಕಾಣುತ್ತಾರೆ. ದಪ್ಪ ಪುಸ್ತಕ, ಆದರೆ ಓಡುತ್ತದೆ. ಭಯ ಹುಟ್ಟಿಸುವುದು ಸತ್ತವರಿಗಿಂತ ವಾರ್ಡನ್.

ಓದೋಕೆ ಟೈಮಿಲ್ಲ, ನೋಡಿಬಿಡ್ತೀನಿ ಅನ್ನುವವರಿಗೆ ಒಂದು ಮಾತು. ‘ದಿ ಅಂಡರ್‌ಗ್ರೌಂಡ್ ರೈಲ್‌ರೋಡ್’ 2021ರಲ್ಲಿ ಬ್ಯಾರಿ ಜೆಂಕಿನ್ಸ್ ಮಾಡಿದ ಹತ್ತು ಕಂತಿನ ಸೀರೀಸ್ ಆಗಿದೆ. ಚೆನ್ನಾಗಿದೆ, ಒಂದೇ ಸಲ ಕೂತು ನೋಡಬೇಡಿ. ‘ಕಿಂಡ್ರೆಡ್’ ಸೀರೀಸ್ 2022ರಲ್ಲಿ ಬಂತು, ಒಂದೇ ಸೀಸನ್ನಿಗೆ ನಿಂತುಹೋಯಿತು. ಕಥೆ ನಡುನೀರಿನಲ್ಲಿದೆ. ಅದನ್ನು ನಂಬಿ ಕೂತರೆ ಡೇನಾ ವಾಪಸ್ ಬರುವುದೇ ಇಲ್ಲ, ಪುಸ್ತಕವನ್ನೇ ತರಿಸಿಕೊಳ್ಳಿ.